ದುರಗವ್ವನ ಬಾಯಿಗೆ ನಾನು ಅಂಟಿಸಿದ ಮಾತು

ಮಾಸ್ತರೇ, ದುರಗವ್ವನ ಬಾಯಿಗೆ ಆ ಮಾತನ್ನು ಹಾಕಿದವನು ನಾನು. ನೀವಲ್ಲ. ಮಾನ್ವಿಯ ನಿಮ್ಮ ಓಣಿ ಇಷ್ಟು ವರ್ಷ ನಿಮ್ಮನ್ನು ದೂರಿತು. ದೂರಿಸಿಕೊಳ್ಳಬೇಕಾದವನು ರಾಯಚೂರಿನಲ್ಲಿ ಹಾಯಾಗಿ ಚಹಾ ಕುಡಿಯುತ್ತ ಕುಳಿತಿದ್ದ.

ಬೇರೆಯವರಿಗೂ ತಿಳಿಯಲಿ. ನಾನು ಮೆಟ್ರಿಕ್ ಮುಗಿಸಿ ರಾಯಚೂರಿನ ಒಂದು ದಿನಪತ್ರಿಕೆಯಲ್ಲಿ ಪುಟ ಅಂಟಿಸುವ ಕೆಲಸಕ್ಕೆ ಸೇರಿದವನು. ಭಾನುವಾರದ ಚಿತ್ರಕಥೆಯ ಪುಟ ನನ್ನ ಕೈಯಲ್ಲಿತ್ತು. ನೀವು ಮಾನ್ವಿಯ ಡ್ರಾಯಿಂಗ್ ಮಾಸ್ತರು. ಅಕ್ಕಿ ಗಿರಣಿಯ ಅಂಗಳ ಗುಡಿಸುವ, ಯಾರಿಗೂ ಅಂಜದ ದುರಗವ್ವನೆಂಬ ಪಾತ್ರವನ್ನು ಆ ಪುಟಕ್ಕೆ ವಾರವಾರವೂ ಬರೆಯುತ್ತಿದ್ದಿರಿ. ನಿಮ್ಮ ಸಣ್ಣ ಅಕ್ಷರ ಅಚ್ಚಿನಲ್ಲಿ ಮಸುಕಾಗುತ್ತಿತ್ತು. ಅದಕ್ಕೇ ಚಿತ್ರದಲ್ಲಿ ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು, ಮಾತನ್ನು ಬೇರೆ ಚೀಟಿಯಲ್ಲಿ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದಿರಿ. ನಾನು ಅದನ್ನು ಕಂಪೋಸ್ ಮಾಡಿಸಿ ಗುಳ್ಳೆಯೊಳಗೆ ಅಂಟಿಸುತ್ತಿದ್ದೆ. ದೇವದುರ್ಗದವರೆಗೂ ಚಹಾದಂಗಡಿಗಳಲ್ಲಿ ಜನ ಮೊದಲು ಆ ಪುಟವನ್ನೇ ಎಳೆದುಕೊಳ್ಳುತ್ತಿದ್ದರು.

ಒಂದು ವರ್ಷ ಮಾನ್ವಿಯ ಗಿರಣಿಯೊಂದರಲ್ಲಿ ದುಡಿಯುವ ನಿಮ್ಮ ಓಣಿಯ ಹೆಂಗಸರು ಕೂಲಿ ಹೆಚ್ಚಿಸಿರೆಂದು ಗೇಟಿನ ಮುಂದೆ ಕುಳಿತರು. ನಿಮ್ಮ ತಾಯಿಯೂ ಅವರೊಳಗಿದ್ದರು. ಆ ವಾರ ನಿಮ್ಮ ಚೀಟಿಯಲ್ಲಿ ದುರಗವ್ವ ಗಿರಣಿ ಧಣಿಗೆ ಹೇಳಿದ್ದು: "ಯಪ್ಪಾ, ನಿನ್ನ ಮಷೀನಿಗಿ ದಿನಾ ಎಣ್ಣಿ ಹಾಕ್ತಿ. ನಮ್ಮ ಹೊಟ್ಟಿಗೇನ್ ಹಾಕ್ತಿ?"

ಗಿರಣಿಯವರ ಜಾಹೀರಾತು ನಮಗೆ ಬೇಕಿತ್ತು. ಪತ್ರಿಕೆಯ ಮಾಲೀಕರು ಚೀಟಿ ನೋಡಿ, "ಚಿತ್ರ ಇರ್ಲಿ, ಮಾತು ಬದಲ್ ಮಾಡಲೇ" ಎಂದರು. ಅಷ್ಟೇ ಅಂದರು. ಏನು ಬರೆಯಬೇಕೆಂದು ಹೇಳಲಿಲ್ಲ — ಅದನ್ನು ನಾನೇ ಹೊಸೆದೆ. "ಧಣೀ, ಇವರ ಮಾತ್ ಕೇಳಬ್ಯಾಡ್ರಿ. ದುಡಿಯಾಕ ಮೈಗಳ್ಳರು, ಒದರಾಕ ಹುಲಿಗಳು." ಮಾಲೀಕರು ನಕ್ಕು ಬೆನ್ನು ತಟ್ಟಿದರು. ನನಗೆ ಹಿಗ್ಗಾಯಿತು — ಥೂ!

ಭಾನುವಾರ ಗೇಟಿನ ಮುಂದೆ ಆ ಪುಟ ಕೈಯಿಂದ ಕೈಗೆ ಹೋಯಿತಂತೆ. ಕೆಳಗೆ ನಿಮ್ಮ ಹೆಸರು. ಮರುದಿನ ನೀವು ನನ್ನ ಮುಂದೆ ನಿಂತಿದ್ದಿರಿ.

"ಇದನ್ನ ನಾ ಬರದಿಲ್ರಿ ಅಣ್ಣಾ. ಮಗನ್ನ ಗಿರಣಿಯವರು ಖರೀದಿ ಮಾಡ್ಯಾರ ಅಂತ ನಮ್ಮವ್ವಗ ಅಂದಾರ. ಆಕಿ ನನಗ ರೊಟ್ಟಿ ಹಾಕವಲ್ಲಳು. ಇದು ನನ್ನ ಮಾತಲ್ಲಂತ ಒಂದು ಸಾಲು ಬರದು ಕೊಡ್ರಿ, ಆಕಿಗಿ ಓದಿ ಹೇಳ್ತೀನಿ."

ನಿಮ್ಮ ಚೀಟಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಅಂದೆ: "ನೀವು ಕಳಿಸಿದ್ದನ್ನೇ ಅಂಟಿಸೀನ್ರಿ ಮಾಸ್ತರ. ಈಗ ಅಂಜಿ ಮಾತು ತಿರುಗಿಸಬ್ಯಾಡ್ರಿ."

ನೀವು ನನ್ನನ್ನು ನೋಡಿದ ರೀತಿ — ಬೇಡ. ನೀವು ಹೋದ ಮೇಲೆ ಚೀಟಿಯನ್ನು ಹರಿದು ಗಟಾರಕ್ಕೆ ಎಸೆದೆ. ನೀವು ಬರೆಯುವುದನ್ನೇ ಬಿಟ್ಟಿರಿ.

ಆ ಜಾಗಕ್ಕೆ ಎಲ್ಲಿಂದಲೋ ಕೊಂಡು ತಂದ ಬೆಕ್ಕಿನ ಚಿತ್ರಕಥೆ ಬಂತು. ಅದು ಹೋಗಿ ಪದಬಂಧ, ಪದಬಂಧ ಹೋಗಿ ಟ್ಯೂಷನ್ ಜಾಹೀರಾತು. ಈಗ ಪತ್ರಿಕೆಯೇ ನಾಲ್ಕು ಪುಟಕ್ಕಿಳಿದಿದೆ. ಮೊನ್ನೆ ಕಂಪ್ಯೂಟರೇ ಬರೆದ ಚಿತ್ರಕಥೆ ಹಾಕಿದ್ದರು — ಮಾನ್ವಿಯ ಭತ್ತದ ಗದ್ದೆಯಲ್ಲಿ ಹಿಮ ಬೀಳುತ್ತಿತ್ತು! ಮೈ ಉರಿದು ಕಚೇರಿಗೆ ಹೋದೆ. ಮಾಲೀಕರ ಮಗ ಈಗ ಸಂಪಾದಕ. "ಯಾರ್ ಓದ್ತಾರ ಕಾಕಾ? ಎಲ್ಲಾರ ಕೈಯಾಗ ಮೊಬೈಲ್ ಅದ" ಎಂದ. ಸುಳ್ಳು! ಮೊಬೈಲ್ ಬರುವುದಕ್ಕೆ ಎಷ್ಟೋ ಮೊದಲೇ ನಿಮ್ಮ ಓಣಿ ನಮ್ಮ ಪತ್ರಿಕೆ ಬಿಟ್ಟಿತ್ತು. ತಮ್ಮ ದುರಗವ್ವನ ಬಾಯಿಂದಲೇ ತಮ್ಮನ್ನು ಬೈಸಿದ ಪತ್ರಿಕೆಯನ್ನು ಯಾರು ಕೊಳ್ಳುತ್ತಾರೆ? ಅದನ್ನು ಅವನ ಮುಖಕ್ಕೆ ಕೂಗಿ ಹೇಳಬೇಕೆಂದವನು ತಿರುಗಿ ಹೊರಟುಬಂದೆ. ಕೂಗುವ ಹಕ್ಕು ಯಾರಿಗಿದ್ದರೂ ನನಗಿರಲಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಬರೆದೆ. ಅಚ್ಚು ಹಾಕೆಂದು ಅವನಿಗೇ ಒಯ್ದು ಕೊಟ್ಟೆ. "ಸತ್ತ ನಮ್ಮಪ್ಪನ ಹೆಸರು ಯಾಕ್ ಕೆಡಸ್ತೀರಿ?" ಎಂದು ಹಾಳೆಗಳನ್ನು ತಿರುಗಿ ಕೊಟ್ಟ. ಅವನಪ್ಪ ಮಾತು ಬದಲಿಸಲು ಹೇಳಿದ್ದು ನಿಜ. ಆದರೆ ನಿಮ್ಮ ಕಣ್ಣೆದುರು ಸುಳ್ಳು ಹೇಳೆಂದು ನನಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಇದನ್ನು ಕರಪತ್ರವಾಗಿ ಹಾಕಿಸುತ್ತಿದ್ದೇನೆ. ನಿಮ್ಮ ತಾಯಿ ತೀರಿಕೊಂಡರೆಂದು ಕೇಳಿದೆ. ಕೊನೆಗಾದರೂ ನಿಮ್ಮನ್ನು ನಂಬಿದರೋ ಇಲ್ಲವೋ — ಕೇಳುವ ಮುಖ ನನಗಿಲ್ಲ. ಅವರ ಜೊತೆ ಕುಳಿತ ಹೆಂಗಸರಲ್ಲಿ ಕೆಲವರು ಇನ್ನೂ ಇದ್ದಾರೆ. ಬರುವ ಸೋಮವಾರ ಬೆಳಿಗ್ಗೆ ನಿಮ್ಮ ಓಣಿಯ ಕಟ್ಟೆಯ ಮುಂದೆ ನಿಂತು ಅವರಿಗೆ ಇದನ್ನು ನಾನೇ ಓದಿ ಹೇಳುತ್ತೇನೆ. ಅವರು ಏನು ಬೇಕಾದರೂ ಅನ್ನಲಿ, ಅಂದು ಮುಗಿಸುವತನಕ ನಿಲ್ಲುತ್ತೇನೆ. ನೀವು ಹೊರಗೆ ಬರಬೇಕಾಗಿಲ್ಲ, ಮಾಸ್ತರೇ. ನಿಮ್ಮ ಬಾಗಿಲು ನಾನು ತಟ್ಟುವುದಿಲ್ಲ.