ಬೋರ್ಡಿಗೆ ಅಂಟಿಸಿದ ಹುಣಿಸೆ ಬೀಜ

ನನ್ನ ಗಂಡ ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ. ನಾನು ಅಲ್ಲೇ ಕಸ ಗುಡಿಸುತ್ತಿದ್ದೆ. ಆಪರೇಟರನ ಹೆಂಡತಿ ಪೊರಕೆ ಹಿಡಿದಳಲ್ಲ ಎಂದು ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ. ಆತನ ಕಣ್ಣು ಹೋಗುತ್ತಿತ್ತು, ಅದಕ್ಕೇ ಆ ಕೆಲಸ ಕೇಳಿ ತೆಗೆದುಕೊಂಡೆ. ಕಣ್ಣಿನ ಸಂಗತಿ ನನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಈಗಿನ ಹಾಗೆ ನಂಬರ್ ಒತ್ತಿದರೆ ಫೋನು ಹೋಗುತ್ತಿರಲಿಲ್ಲ. ಫೋನ್ ಇದ್ದವರು ತಮ್ಮ ಪೆಟ್ಟಿಗೆಯ ಹಿಡಿ ತಿರುಗಿಸಿದರೆ, ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಬಾಗಿಲು ಟಪ್ಪನೆ ಬೀಳುತ್ತಿತ್ತು. ಬಾಗಿಲ ಕೆಳಗೊಂದು ತೂತು. ಆಪರೇಟರ್ ಆ ತೂತಿಗೆ ವೈರು ಚುಚ್ಚಿ ಯಾರು ಬೇಕು ಎಂದು ಕೇಳಬೇಕು. ವೈರಿನ ಜೊತೆಯ ಇನ್ನೊಂದನ್ನು ಅವರು ಹೇಳಿದವರ ತೂತಿಗೆ ಚುಚ್ಚಬೇಕು. ಊರೊಳಗಿನ ನಂಬರುಗಳು ಕೆಳಗಿನ ಸಾಲುಗಳಲ್ಲಿದ್ದವು. ಸಿರಾ, ಕೊರಟಗೆರೆ, ಪಾವಗಡ, ತುಮಕೂರಿಗೆ ಹೋಗುವ ಲೈನುಗಳು ಮೇಲಿನ ಸಾಲಿನಲ್ಲಿ. ತೂತಿನ ಪಕ್ಕ ಇರುವೆ ಗಾತ್ರದ ಅಂಕಿ. ಅದೂ ಬೆರಳು ತಾಗಿ ತಾಗಿ ಅರ್ಧ ಸವೆದಿತ್ತು. ಕಣ್ಣು ಚೆನ್ನಾಗಿದ್ದವರೂ ಒಂದು ಲೈನು ಹುಡುಕಲು ತಡಕಾಡುತ್ತಿದ್ದರು.

ಕಣ್ಣಿನ ನರ ಒಣಗುತ್ತಿದೆ, ಇದು ಕನ್ನಡಕಕ್ಕೆ ಬಗ್ಗುವ ಕಾಯಿಲೆಯಲ್ಲ ಎಂದು ತುಮಕೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಬಸ್ಸಿನಲ್ಲಿ ಬರುವಾಗ ಆತ ನನಗೆ ಹೇಳಿದ್ದು ಒಂದೇ ಮಾತು.

“ಯಾರ ತಾವಾದ್ರೂ ಬಾಯಿ ಬುಟ್ಟೀಯ, ಹುಷಾರ್.”

ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದವು, ಸ್ಕೂಲಿಗೆ ಹೋಗುತ್ತಿದ್ದವು. ಆತನ ಕೆಲಸ ಹೋದರೆ ನನ್ನ ಪೊರಕೆಯಿಂದ ನಾಲ್ಕು ಹೊಟ್ಟೆ ತುಂಬುವಂತಿರಲಿಲ್ಲ.

ಯಾರು ಯಾರಿಗೆ ಮಾತಾಡಿದರು ಎಂದು ಚೀಟಿ ಬರೆಯುವುದು ಹೇಗೋ ನಡೆಯುತ್ತಿತ್ತು, ಕಾಗದಕ್ಕೆ ಮೂಗು ತಾಗಿಸಿ ಬರೆಯುತ್ತಿದ್ದ. ಬೋರ್ಡಿಗೂ ಮೂಗು ತಾಗಿಸಿ ಕೂರಲಾಗುತ್ತದೆಯೇ? ಬಿದ್ದ ಬಾಗಿಲನ್ನು ಬೆರಳಿನಿಂದ ಸವರಿ ಕಂಡುಹಿಡಿಯುತ್ತಿದ್ದ. ಆದರೆ ಅದು ಯಾರ ಬಾಗಿಲು, ಚುಚ್ಚಬೇಕಾದ ತೂತು ಯಾವುದು ಎಂದು ಸಾಲಿನ ತುದಿಯಿಂದ ಎಣಿಸಿಕೊಂಡು ಬರಬೇಕಿತ್ತು. ಅಷ್ಟು ಹೊತ್ತಿಗೆ ಆ ಕಡೆಯವರು ಬಯ್ಯಲು ಶುರು ಮಾಡಿರುತ್ತಿದ್ದರು. ನಾನು ನೆಲ ಒರೆಸುತ್ತಾ ನೋಡುತ್ತಿದ್ದೆ. ಆತನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಬೇಗ ಹೋಗಿ, ಹುಣಿಸೆ ಬೀಜವನ್ನು ಹೋಳು ಮಾಡಿ ಜಾಲಿ ಅಂಟು ಹಚ್ಚಿ ಸಾಲಿನಲ್ಲಿ ಐದು ತೂತಿಗೊಂದರಂತೆ ಅಂಟಿಸಿದೆ. ಮೇಲಿನ ಸಾಲಿಗೆ ಬೇರೆ ಬೇರೆ ಗುರುತು ಹಾಕಿದೆ. ಸಿರಾಕ್ಕೆ ಅಂಗಿಯ ಗುಂಡಿ, ಕೊರಟಗೆರೆಗೆ ಗಾಜಿನ ಮಣಿ. ನನ್ನ ತವರು ಪಾವಗಡದ ಕಡೆ, ನಮ್ಮ ಮಂದಿ ಕುರಿಯವರು. ಅದಕ್ಕೆ ಕಂಬಳಿಯ ಉಣ್ಣೆ ಒಂದಿಷ್ಟು ಹೊಸೆದು ಅಂಟಿಸಿದೆ. ತುಮಕೂರು ತುದಿಯಲ್ಲೇ ಇತ್ತು, ಅದಕ್ಕೆ ಏನೂ ಬೇಕಾಗಲಿಲ್ಲ.

ಆತ ಬಂದು ಕೈಯಿಟ್ಟವನೇ ಬೆಂಕಿಯಾದ.

“ಲೇ, ಯಾವಳು ನಿಂಗೆ ಹೇಳಿದ್ದು? ನಾನೇನ್ ಕುರುಡ್ನೇನೇ?”

“ಅಲ್ಲ ಬುಡು. ಕುರುಡ ಅಲ್ದೋನು ನಿನ್ನೆ ಗೌಡ್ರ ಮನೆಗೆ ಕೊಡೋದ್ನ ಪೊಲೀಸ್ ಠಾಣೆಗೆ ಯಾಕ್ ಕೊಟ್ಟೆ?”

ಆತ ಕುರ್ಚಿ ಎಳೆದು ಕೂತ. ಬೀಜಗಳನ್ನು ಕೀಳಲಿಲ್ಲ. ಆ ವಾರದಲ್ಲಿ ಬೈಗುಳ ಕಮ್ಮಿಯಾಯಿತು.

ಇನ್ನೊಬ್ಬ ಆಪರೇಟರು ಸಿರಾದ ಸಾಬರು. ನನ್ನನ್ನು ಅಕ್ಕ ಎನ್ನುತ್ತಿದ್ದರು. ಅವರ ಪಾಳಿಗೆ ಬಂದು ಬೋರ್ಡು ನೋಡಿ ನಕ್ಕರು.

“ಅರೆ ಅಕ್ಕ, ಬೋರ್ಡಿಗೇನು ಸಿಡುಬು ಎದ್ದೈತಾ?”

“ಲೈನು ಬೇಗ ಸಿಗಲಿ ಅಂತ ಅಂಟಿಸಿವ್ನಿ ಕಣಣ್ಣ. ನಿಂಗೆ ಬ್ಯಾಡಾದ್ರೆ ಹೇಳು.”

ಸಾಬರು ಕೂತು ಒಂದೆರಡು ಕಾಲ್ ಕೊಟ್ಟು ನೋಡಿದರು. ಆಮೇಲೆ ನನ್ನ ಗಂಡ ಆಗಷ್ಟೇ ಹೋದ ಬಾಗಿಲ ಕಡೆಗೊಮ್ಮೆ ನೋಡಿದರು. ಬುದ್ಧಿವಂತ ಮನುಷ್ಯ. “ಇರ್ಲಿ ಬುಡಕ್ಕ, ನಂಗೂ ಸಲೀಸು” ಎಂದರು.

ಹೀಗೆ ಎರಡು ಮೂರು ವರ್ಷ ನಡೆಯಿತು. ಬೀಜ ಉದುರಿದರೆ ಹೊಸದು ಅಂಟಿಸುತ್ತಿದ್ದೆ. ಆತನ ಕಣ್ಣು ಇನ್ನೂ ಮಂಜಾಯಿತು, ಕೈ ಮಾತ್ರ ಚುರುಕಾಯಿತು. ಆದರೂ ಆತ ಒಂದು ದಿನವೂ ಮುಖ ಸಡಿಲ ಮಾಡಲಿಲ್ಲ. ಬಾಗಿಲಲ್ಲಿ ಯಾರದಾದರೂ ಬೂಟು ಸದ್ದಾದರೆ ಬೆನ್ನು ಸೆಟೆದುಕೊಳ್ಳುತ್ತಿತ್ತು.

ಆಮೇಲೆ ತುಮಕೂರಿನಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ದಪ್ಪ ಕನ್ನಡಕದವರು. ಅವರು ಬಂದಾಗ ಬೋರ್ಡಿನ ಮುಂದೆ ಸಾಬರು ಇದ್ದರು, ಅದೊಂದು ಪುಣ್ಯ. ನನ್ನ ಗಂಡ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಏನ್ರೀ ಇದು ಕಸ?” ಎಂದರು ಅಧಿಕಾರಿ.

ಸಾಬರು ನನ್ನ ಗಂಡನನ್ನು ಉಳಿಸಲು ಹೋದರು. “ಕಸ ಅಲ್ಲ ಸಾರ್. ಲೈನು ಬೇಗ ಸಿಗ್ಲಿ ಅಂತ ನಾವೇ ಗುರ್ತು ಮಾಡ್ಕೊಂಡಿದೀವಿ. ಪಾವಗಡ ಬೇಕಾ, ಉಣ್ಣೆ. ಸಿರಾ ಬೇಕಾ, ಗುಂಡಿ. ಹುಡುಕೋ ಗೋಜೇ ಇಲ್ಲ. ನೀವೇ ನೋಡಿ ಸಾರ್.”

ಅಧಿಕಾರಿ ತಾವೇ ಕೂತು ನೋಡಿದರು. ಅವರಿಗೆ ಖುಷಿಯಾಯಿತು. ಮನುಷ್ಯ ಕೆಟ್ಟವರಲ್ಲ.

“ಐಡಿಯಾ ಬಹಳ ಚೆನ್ನಾಗಿದೆ ಕಣ್ರೀ. ಆದ್ರೆ ಸರ್ಕಾರಿ ಬೋರ್ಡಿಗೆ ಹುಣಿಸೆ ಬೀಜ ಅಂಟಿಸ್ತಾರೇನ್ರೀ? ಇದನ್ನೇ ನೀಟಾಗಿ ಮಾಡಿಸ್ತೀನಿ. ಯಾರು ಬಂದು ಕೂತ್ರೂ ತಕ್ಷಣ ಲೈನು ಸಿಗಬೇಕು, ಹಾಗೆ.”

ನಾನು ಗಂಡನ ಮುಖ ನೋಡಿದೆ. ಸುಣ್ಣ ಹೊಡೆದ ಗೋಡೆಯ ಹಾಗಿತ್ತು. ಬೇಡ ಅಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಆತ “ಆಗ್ಲಿ ಸಾರ್” ಎಂದ.

ತಿಂಗಳೊಳಗೆ ಮೆಕ್ಯಾನಿಕ್‌ಗಳು ಬಂದರು. ಬೀಜ, ಗುಂಡಿ, ಮಣಿ ಎಲ್ಲವನ್ನೂ ಕೆರೆದು ಕಸದ ಬುಟ್ಟಿಗೆ ಹಾಕಿದರು. ಬುಟ್ಟಿ ಚೆಲ್ಲಿದವಳು ನಾನೇ. ಸಾಲಿನುದ್ದಕ್ಕೂ ಬಣ್ಣದ ಪಟ್ಟಿ ಹಾಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಸಿ, ಮೇಲೆ ನುಣ್ಣನೆಯ ಪ್ಲಾಸ್ಟಿಕ್ ಹಾಳೆ ಕೂರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಜಾಸ್ತಿ ಕಾಲ್ ಬರುವ ಲೈನುಗಳನ್ನು ಕೈಗೆ ಹತ್ತಿರವಾಗಲಿ ಎಂದು ಮೇಲಿನಿಂದಲೂ ಕೆಳಗಿನಿಂದಲೂ ನಡುವಿಗೆ ತಂದರು. ಆಸ್ಪತ್ರೆ, ಬಸ್ ಸ್ಟ್ಯಾಂಡು, ಮಂಡಿಗಳದ್ದೆಲ್ಲ ಜಾಗ ಬದಲಾಯಿತು.

ಕೆಲಸ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳಬಾರದು. ನಾನು ಓದಿದ್ದು ಎರಡನೇ ಕ್ಲಾಸು. ನಾನೂ ಪೊರಕೆ ಹಿಡಿದುಕೊಂಡೇ ಕೂಡಿಸಿ ಕೂಡಿಸಿ ‘ಪಾವಗಡ’ ಎಂದು ಓದಿದೆ. ಆತನ ಬೆರಳಿಗೆ ಮಾತ್ರ ಆ ಬೋರ್ಡಿನಲ್ಲಿ ಏನೂ ಸಿಗಲಿಲ್ಲ. ಗುರುತೂ ಇಲ್ಲ, ಹಳೆಯ ಜಾಗವೂ ಇಲ್ಲ.

“ಇನ್ನೊಂದು ಸಲ ಅಂಟಿಸ್ತೀನಿ” ಎಂದೆ.

“ಅಕ್ಷರ ಬರ್ದಿರೋ ಬೋರ್ಡಿಗೆ ಬೀಜ ಅಂಟಿಸಿದ್ರೆ ಯಾಕೆ ಅಂತ ಕೇಳಾಕಿಲ್ವಾ? ಸುಮ್ನೆ ಬಿದ್ದಿರು.”

ಬೀಜ ಆ ಪ್ಲಾಸ್ಟಿಕ್ಕಿಗೆ ಹಿಡಿಯುತ್ತಲೂ ಇರಲಿಲ್ಲ. ನಾನು ಗುಟ್ಟಾಗಿ ಒಂದು ಅಂಟಿಸಿ ನೋಡಿದ್ದೆ, ಸಂಜೆಗೆ ಉದುರಿತ್ತು.

ಕಡಲೆಕಾಯಿ ಮಂಡಿಗೆ ಹೋಗಬೇಕಾದ ಕಾಲ್ ಹೆರಿಗೆ ವಾರ್ಡಿಗೆ ಹೋಯಿತು. ಪಾವಗಡದ ವ್ಯಾಪಾರಿಯೊಬ್ಬರು ತೆಲುಗಿನಲ್ಲಿ “ಏಮಯ್ಯಾ, ತಾಗಿನಾವಾ?” ಎಂದು ಕಿರುಚಿದ್ದು ನೆಲ ಒರೆಸುತ್ತಿದ್ದ ನನಗೂ ಕೇಳಿಸಿತು. ಕುಡಿದಿದ್ದೀಯಾ ಎಂದು ಅದರ ಅರ್ಥ. ಮಾತು ಅಲ್ಲಿಂದಲೇ ಹುಟ್ಟಿತು. ಆಪರೇಟರು ಹಗಲಲ್ಲೇ ಕುಡಿದು ಕೂರುತ್ತಾನೆ ಎಂದು ಊರೆಲ್ಲ ಹರಡಿ, ತುಮಕೂರಿಗೆ ದೂರು ಹೋಯಿತು. ಆತ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ.

ಅದೇ ಅಧಿಕಾರಿ ವಿಚಾರಣೆಗೆ ಬಂದರು. ಸಾಬರು ಬೋರ್ಡಿನ ಮುಂದೆ ಕೂತಿದ್ದರು. ನಾನು ಬಾಗಿಲ ಹತ್ತಿರ ಗುಡಿಸುತ್ತಿದ್ದೆ.

“ನಿಜ ಹೇಳ್ರೀ. ಡ್ಯೂಟಿ ಮೇಲೆ ಕುಡೀತೀರಾ?”

ಆತ ತಲೆ ತಗ್ಗಿಸಿ ನಿಂತಿದ್ದ.

“ಹೌದು ಸಾರ್. ತಪ್ಪಾಯ್ತು.”

ಸಾಬರು ವೈರು ಕೆಳಗಿಟ್ಟು ನನ್ನ ಕಡೆ ತಿರುಗಿದರು. ನಾನು ಪೊರಕೆ ಗೋಡೆಗೆ ಒರಗಿಸಿ ಒಳಗೆ ಬಂದೆ. ಕುಡಿದ ತಪ್ಪಿಗೆ ಕೆಲಸ ಹೋದರೆ ಬರಿಗೈ, ಕಣ್ಣು ಹೋಗಿದೆ ಎಂದು ಬಿಡಿಸಿದರೆ ಪಿಂಚಣಿ. ಇಷ್ಟನ್ನು ಸಾಬರು ದೂರು ಹೋದಾಗಲೇ ನನಗೆ ಗುಟ್ಟಾಗಿ ಹೇಳಿದ್ದರು.

“ಸುಳ್ಳು ಸ್ವಾಮಿ. ಅವನಿಗೆ ಕಣ್ ಕಾಣಾಕಿಲ್ಲ.”

“ಲೇ, ಆಚೆ ನಡಿ!” ಆತ ಅರಚಿದ.

“ನೀವು ಕನ್ನಡಕ ಹಾಕಿದೀರೋ ಇಲ್ವೋ, ಅವನನ್ನೇ ಕೇಳಿ ಸ್ವಾಮಿ. ಎದುರ್ಗೇ ನಿಂತವ್ನಲ್ಲ, ಹೇಳ್ಲಿ.”

ಅಧಿಕಾರಿ ಆ ಪ್ರಶ್ನೆ ಹಾಕಲಿಲ್ಲ. ಆತನ ಮುಖ ನೋಡಿದರು. ಅದು ಇನ್ನೂ ನನ್ನ ದನಿ ಬಂದ ಕಡೆಗೇ ತಿರುಗಿತ್ತು. ಅಧಿಕಾರಿ ಎದ್ದು ಒಂದು ಕುರ್ಚಿ ಎಳೆದು ಆತನ ಮೊಣಕಾಲಿಗೆ ತಾಗಿಸಿದರು. “ಕೂತ್ಕೊಳ್ಳಿ” ಎಂದರು. ಆತ ಕೂತುಕೊಳ್ಳಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಕೈ ಕೊಟ್ಟೆ. ತಳ್ಳಿದ. ಅಂಗಡಿ ಗೋಡೆಗಳನ್ನು ಸವರಿಕೊಂಡು ನಡೆದ. ಗೋಡೆ ಮುಗಿದ ಕಡೆ ನಿಂತ.

“ಕುಡುಕ ಅಂದ್ರೆ ನಾಳೆ ಬುಟ್ಟು ನಾಡಿದ್ದು ಸರಿಹೋಯ್ತಾನೆ ಅಂತಾರೆ ಜನ. ಕುರುಡ ಅಂದ್ರೆ ಏನಂತಾರೆ, ನೀನೇ ಹೇಳು.”

“ಜನ ಏನಾರ ಅನ್ಲಿ. ನಿನ್ ಮಕ್ಳಿಗೆ ಹಿಟ್ಟು ಬೇಕು.”

ಡಾಕ್ಟರುಗಳು ನೋಡಿದರು, ಕಾಗದ ಮಾಡಿದರು, ಪಿಂಚಣಿ ಬಂತು. ಮಕ್ಕಳು ಸ್ಕೂಲು ಬಿಡಲಿಲ್ಲ. ನಾನು ಆವತ್ತು ಹೇಳಿದ್ದು ಸರಿ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆತನ ಲೆಕ್ಕದಲ್ಲಿ ಮಾತ್ರ ನಾನು ಹಿಡಿದುಕೊಟ್ಟವಳು. ಇಟ್ಟದ್ದನ್ನು ಉಂಡ, ಕೊಟ್ಟ ನೀರು ಕುಡಿದ, ಸಾಯುವ ತನಕ ನನಗೆ ಏನು ಹೇಳಬೇಕಾದರೂ ಮಕ್ಕಳ ಕೈಲಿ ಹೇಳಿಸಿದ. ಪಿಂಚಣಿ ತರುವ ದಿನ ಸಿರಾದ ಸಾಬರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆತ ಅವರ ಭುಜದ ಮೇಲೆ ಕೈಯಿಟ್ಟುಕೊಂಡು ಹೊರಡುತ್ತಿದ್ದ. ನಾನು ಎಕ್ಸ್‌ಚೇಂಜಿಗೆ ಗುಡಿಸಲು ಹೋಗುತ್ತಿದ್ದೆ. ಅರ್ಧ ದಾರಿ ಮೂವರದೂ ಒಂದೇ. ನಾನು ನಾಲ್ಕು ಮಾರು ಹಿಂದೆ ನಡೆಯುತ್ತಿದ್ದೆ.