ಆ ರವಿವಾರದ ಅಡುಗೆ ನನ್ನ ಮನೆಯದು

ಶಾಂತಾ ಎಂಬ ಶಿಕ್ಷಕಿಯ ಸೇವಾಪತ್ರದ ಮೇಲೆ ‘ನಡತೆ ತೃಪ್ತಿಕರವಲ್ಲ’ ಎಂದು ಬರೆಸಿದವರು ನೀವು — ಗೋಕಾಕದ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರು. ಹಾಗೆ ಬರೆಯಲು ಬೇಕಾದ ಸಾಕ್ಷ್ಯವನ್ನು ನಿಮ್ಮ ಕೈಗೆ ಕೊಟ್ಟವಳು ನಾನು. ಏಳು ವರ್ಷಗಳಾದವು. ದನದ ಮಾಂಸ ಬೇಯಿಸಿದವಳು ಶಾಂತಾ, ನಿಜ. ಆದರೆ ಬೇಯಿಸಿದ್ದು ನನ್ನ ಮನೆಯಲ್ಲಿ, ನನ್ನ ಕುಕ್ಕರಿನಲ್ಲಿ, ನನ್ನ ಒತ್ತಾಯಕ್ಕೆ. ನಾನೂ ಉಂಡೆ, ಎರಡು ಸಲ ಬಡಿಸಿಕೊಂಡು ಉಂಡೆ. ಇಷ್ಟನ್ನು ಅಂದು ನಿಮ್ಮೆದುರು ಹೇಳಲಿಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಈ ಶಾಲೆಗೆ ಬಂದಾಗ ನನಗೆ ಇಪ್ಪತ್ನಾಲ್ಕು ವರ್ಷ. ಹುಕ್ಕೇರಿ ಕಡೆಯ ಲಿಂಗಾಯತ ಮನೆತನ. ಶರಣರ ಸಮಾನತೆಯ ಬಗ್ಗೆ ಭಾಷಣ ಮಾಡಿ ಬಹುಮಾನ ಗೆದ್ದವಳು. ಬರುವಾಗ ಬೆಳಗಾವಿಯಿಂದ ಒಂದು ಪ್ರೆಶರ್ ಕುಕ್ಕರ್ ತಂದೆ. ಶಿಕ್ಷಕರ ವಸತಿಯ ಎಂಟು ಮನೆಗಳಿಗೆ ಅದೊಂದೇ. ಮೊದಲ ಸೀಟಿಗೆ ಪಕ್ಕದ ಮನೆಯ ಗಂಗಕ್ಕ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ್ದರು. ತಿಂಗಳು ತುಂಬುವುದರೊಳಗೆ ಬೇಳೆ ಬೇಯಿಸಲು ಅವರೇ ಮೊದಲು ಒಯ್ದರು. ಆಮೇಲೆ ಕೇಳುವ ರೂಢಿಯೇ ಉಳಿಯಲಿಲ್ಲ — ನನ್ನ ಬಾಗಿಲು ತೆರೆದಿರುತ್ತಿತ್ತು, ಬೇಕಾದವರು ಗೂಡಿನಿಂದ ಇಳಿಸಿಕೊಂಡು ಹೋಗುತ್ತಿದ್ದರು. ಎಂಟನೆಯ ಮನೆಯ ಶಾಂತಾ ಮಾತ್ರ ಎಂದೂ ಒಯ್ಯಲಿಲ್ಲ. ಮೂಡಲಗಿ ಕಡೆ ಮಸಗುಪ್ಪಿಯವಳು. ಅವಳ ಮನೆಯವರು ಬೌದ್ಧ ಧರ್ಮವನ್ನು ಸ್ವೀಕರಿಸಿದ್ದ ದಲಿತರು. ಅವಳು ಮುಟ್ಟಿದರೆ ಕುಕ್ಕರಿನ ತಿರುಗಾಟ ಅಲ್ಲಿಗೇ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು — ಗೊತ್ತಿದ್ದೂ ಬಾಗಿಲು ತೆರೆದಿಟ್ಟುಕೊಂಡೇ ಇದ್ದೆ.

ಶಾಂತಾ ನನ್ನ ಗೆಳತಿ. ಮಿಶನ್ ಬೋರ್ಡಿಂಗಿನ ಅಡುಗೆಮನೆಯಲ್ಲಿ ದುಡಿದು ಓದಿದವಳು. ಒಂದು ದಿನ ಆ ಅಡುಗೆಮನೆಯ ಮಾತು ಬಂತು.

“ಮಿಶನ್ ಮಡಮ್ಮಗೋಳಿಗೆ ದನದ ಖಂಡದ ಇಡೀ ತುಂಡ ಹುರದು, ಮುಚ್ಚಿ ಬೇಯಸ್ತಿದ್ವಿ,” ಎಂದಳು. “ಬೇಯ್ಸೂದು ನಾವು, ತಿನ್ನೂದು ಅವರು. ಮನ್ಯಾಗ ಅವ್ವ ಸಣ್ಣಸಣ್ಣಾಗಿ ಹೆಚ್ಚತಿದ್ಲು. ಐದ್ ಮನಿಗೆ ಹಂಚಬೇಕಲ್ರಿ. ಇಡೀ ತುಂಡ ನಮ್ಮ ಗಡಿಗ್ಯಾಗ ಕುದ್ದದ್ದು ನಾ ನೋಡೇ ಇಲ್ಲ.”

“ನನ್ನ ಕುಕ್ಕರ್‌ನ್ಯಾಗ ಮಾಡೂಣು.”

“ಬ್ಯಾಡ್ರಿ ಅಕ್ಕಾರ. ಅದು ಮನಿಮನಿ ತಿರಗತೈತಿ.”

“ತಿರಗಲಿ. ಕುಕ್ಕರ್ ನಂದೈತಿ.”

“ಕುಕ್ಕರ್ ನಿಮ್ಮದ ಐತಿ, ಬೈಗಳಾ ನಂದು,” ಎಂದು ನಕ್ಕಳು. “ಎಂ.ಎ.ದಾಗ ಇದನ್ನ ಕಲಸಲಿಲ್ಲೇನು?”

ಆ ನಗುವಿನಲ್ಲಿದ್ದ ಎಚ್ಚರಿಕೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ. ಧೈರ್ಯವೆಂದರೆ ನನ್ನದೇ ಎಂದು ತಿಳಿದಿದ್ದ ಕಾಲ ಅದು.

ರವಿವಾರ ಬೆಳಿಗ್ಗೆ ನನ್ನ ಹಟಕ್ಕೆ ಇಬ್ಬರೂ ಹೋಗಿ ಮಾಂಸ ಕೊಂಡು ತಂದೆವು. ಚೀಲದ ಬಾಯಿಗೆ ಮೆಂತ್ಯಪಲ್ಲೆ ಮುಚ್ಚಿದವಳು ಶಾಂತಾ. ಉಪ್ಪು, ಅರಿಸಿನ, ಜಜ್ಜಿದ ಬೆಳ್ಳುಳ್ಳಿ, ಕೆಂಪು ಖಾರ ಸವರಿ ಇಡೀ ತುಂಡನ್ನು ಎಣ್ಣೆಗಿಳಿಸಿ, ನಾಲ್ಕೂ ಮಗ್ಗುಲು ಕಂದಾಗುವವರೆಗೆ ತಾಳ್ಮೆಯಿಂದ ಹೊರಳಿಸಿದಳು. ಕುಕ್ಕರಿನ ತಳದಲ್ಲಿ ತೂತಿನ ತಟ್ಟೆ, ಅದರ ಮೇಲೆ ಉಳ್ಳಾಗಡ್ಡಿ, ಮೇಲೆ ಮಾಂಸ, ಒಂದೇ ಲೋಟ ನೀರು. ಮುದಿ ಎತ್ತಿನ ಮಾಂಸ. ಅವಳ ಅವ್ವನ ಒಲೆಯ ಮೇಲಾದರೆ ಸಂಜೆಯವರೆಗೆ ಕುದಿಯಬೇಕಿತ್ತು. ಇಲ್ಲಿ ಮುಕ್ಕಾಲು ಗಂಟೆ. ನಾನು ಆವಿ ಬಿಡಲು ಹೋದಾಗ ಕೈ ಹಿಡಿದಳು: “ತಾನ ತಣ್ಣಗಾಗ್ಲಿ. ಅವಸರ ಮಾಡಿದ್ರ ಖಂಡ ಬಿಗಿತೈತಿ.” ತೆರೆದಾಗ ಚಮಚೆಯ ಅಂಚಿಗೆ ಮಾಂಸ ಎಳೆಎಳೆಯಾಗಿ ಬಿಟ್ಟಿತು. ಮೊದಲ ತುತ್ತನ್ನು ಶಾಂತಾ ಬಹಳ ಹೊತ್ತು ಅಗಿದಳು.

ಉಂಡ ಮೇಲೆ ಅವಳು ಬಿಸಿನೀರು, ಬೂದಿ ಕೇಳಿದಳು. ನಾನು ತೊಳೆಯುತ್ತೇನೆ, ನೀನು ಕೂಡು ಎಂದೆ. ತೊಳೆದೆ — ತಣ್ಣೀರಿನಲ್ಲಿ. ಆ ಕೊಬ್ಬು ತಣ್ಣೀರು ತಾಗಿದರೆ ಮೇಣದಂತೆ ಬಿಗಿದು ಕೂಡುತ್ತದೆಂದು ಬೆಣ್ಣೆ ತುಪ್ಪದ ಮನೆಯಲ್ಲಿ ಬೆಳೆದ ನನಗೆ ತಿಳಿದಿರಲಿಲ್ಲ. ತಳದ ತೂತಿನ ತಟ್ಟೆಯನ್ನು ಎತ್ತಿ ನೋಡಲೂ ಇಲ್ಲ.

ಸೋಮವಾರ ನಾನು ಶಾಲೆಯಲ್ಲಿದ್ದಾಗ ಗಂಗಕ್ಕ ರೂಢಿಯಂತೆ ಕುಕ್ಕರ್ ಒಯ್ದರು. ಅಂದು ಅವರ ಮನೆಗೆ ಜಂಗಮರು ಪ್ರಸಾದಕ್ಕೆ ಬರುವವರಿದ್ದರು. ತಳದ ಬಿಳಿ ಜಿಡ್ಡನ್ನು ಅವರು ತುಪ್ಪವೆಂದೇ ತಿಳಿದರು — ಅವರೂ ನನ್ನಂಥದೇ ಮನೆಯವರು. ಸಾರಿನ ಮೇಲೆ ಎಣ್ಣೆಯ ಕಣ್ಣು ತೇಲಿದವು. ಜಂಗಮರು “ತುಪ್ಪ ಭಾಳ ಸುರದೀಯವ್ವಾ” ಎಂದು ಮೆಚ್ಚಿ ಉಂಡು ಹೋದರು. ಮಧ್ಯಾಹ್ನ ತಿಕ್ಕಲು ಕೂತ ಗಂಗಕ್ಕ ತಟ್ಟೆ ಎತ್ತಿದಾಗ ಅಡಿಯಲ್ಲಿ ಮಾಂಸದ ಎಳೆ ಅಂಟಿತ್ತು. ಮುಚ್ಚಳದ ರಬ್ಬರಿಗೆ ವಾಸನೆ ಹಿಡಿದಿತ್ತು.

ಸಂಜೆ ಎಂಟೂ ಮನೆಯವರನ್ನು ಶಾಲೆಯ ಪಡಸಾಲೆಗೆ ಕರೆಸಿದಿರಿ. ಕುಕ್ಕರ್ ಮೇಜಿನ ಮೇಲಿತ್ತು. ಗಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

“ಅಕ್ಕಾರ, ಕುಕ್ಕರ್ ನಿಮ್ಮದು. ಇದರಾಗ ಇದನ್ನ ಮಾಡಿದವರು ಯಾರು?” ಅಧ್ಯಕ್ಷರೆ, ನಿಮ್ಮ ಪ್ರಶ್ನೆ ಇದು.

“ಶಾಂತಾ ಮಾಡಿದ್ಳು.” ನನ್ನ ಉತ್ತರ ಅದು.

ಅದು ಸುಳ್ಳಾಗಿರಲಿಲ್ಲ — ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಎಲ್ಲಿ ಮಾಡಿದಳು, ಯಾರ ಮಾತಿಗೆ ಮಾಡಿದಳು, ಉಂಡವರು ಯಾರು ಎಂದು ನೀವು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ — ಗೊತ್ತಿಲ್ಲ. ಶಾಂತಾ ನನ್ನ ಕಡೆ ನೋಡಿದಳು. ಮುಂದಿನ ಮಾತಿಗಾಗಿ ಕಾಯುತ್ತಿದ್ದಳು. ನಾನು ಮೇಜಿನ ಕಾಲು ನೋಡುತ್ತಿದ್ದೆ. ಆಮೇಲೆ ಅವಳೇ, “ಹೌದ್ರಿ, ನಾನ ಮಾಡಿದ್ದು,” ಎಂದಳು. ನನ್ನ ಹೆಸರೆತ್ತಲಿಲ್ಲ.

ವಾರದೊಳಗೆ ಅವಳ ಮನೆ ಖಾಲಿಯಾಯಿತು, ನಿಮ್ಮ ಠರಾವಿನಂತೆ ಕೆಲಸ ಹೋಯಿತು. ಕುಕ್ಕರನ್ನು ಬೂದಿಯಿಂದ ತಿಕ್ಕಿಸಿ ನನಗೆ ಮರಳಿ ಕೊಟ್ಟಿರಿ. “ಪಾಪ, ಅಕ್ಕಾರ ಒಳ್ಳೇ ಸಾಮಾನು ಕೆಡಸಿದ್ಲು” ಎಂದವರ ಅನುಕಂಪವನ್ನೂ ನಾನು ತೆಗೆದುಕೊಂಡೆ.

ಕಳೆದ ತಿಂಗಳು ಯಮಕನಮರಡಿಯ ಬಸ್ ನಿಲ್ದಾಣದಲ್ಲಿ ಶಾಂತಾ ಸಿಕ್ಕಳು. ಕೂಲಿಗೆ ಹೋಗಿ ಬಂದಿದ್ದಳು, ಕೈಯಲ್ಲಿ ಕುಡುಗೋಲು.

“ಸಾಲಿ?” ಎಂದೆ.

“ಎಲ್ಲಿ ಅರ್ಜಿ ಹಾಕಿದ್ರೂ ಮದಲಿನ ಸಾಲಿ ಕಾಗದ ಕೇಳತಾರ್ರಿ. ಆ ಕಾಗದ ನೋಡಿದ ಮ್ಯಾಲ ಕುರ್ಚಿ ಸೈತ ಕೊಡೂದಿಲ್ಲ.” ಬಸ್ಸು ಬರುವ ದಿಕ್ಕಿಗೆ ನೋಡಿ ಕೇಳಿದಳು, “ಕುಕ್ಕರ್ ಐತೇನು? ರಬ್ಬರ್ ಬದ್ಲಿ ಮಾಡಿಸಿದ್ರಿ?”

“ಐತಿ. ರಬ್ಬರ್ ಬದ್ಲಿ ಮಾಡಿಸಿಲ್ಲ.” ನಾನು ಅಳತೊಡಗಿದೆ.

“ಇಲ್ಲ್ಯಾಕ ಅಳತೀರಿ ಅಕ್ಕಾರ,” ಎಂದಳು ಶಾಂತಾ. “ಅವತ್ತ ಹೇಳಿದ ಜಾಗಾದಾಗ ಹೋಗಿ ಉಳಿದದ್ದನ್ನೂ ಹೇಳ್ರಿ.”

ಹೇಳುತ್ತಿದ್ದೇನೆ. ದನದ ಮಾಂಸ ತಿಂದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅದನ್ನು ಬೇಯಿಸಿದ್ದಕ್ಕೆ ಶಾಂತಾಳೂ ಕೇಳಬೇಕಾಗಿಲ್ಲ. ಗಂಗಕ್ಕನವರ ಕ್ಷಮೆ ಕೇಳುತ್ತೇನೆ — ಅವರ ನೇಮ ಕೆಟ್ಟದ್ದು ನನ್ನ ತಣ್ಣೀರಿನಿಂದ. ಶಾಂತಾಳ ಕ್ಷಮೆ ಕೇಳುವ ಮುಖ ನನಗಿಲ್ಲ. ಭಯವಿತ್ತು, ವಯಸ್ಸು ಚಿಕ್ಕದಿತ್ತು ಎಂದು ಬರೆಯಬಹುದು. ಅವಳಿಗೂ ಅಷ್ಟೇ ವಯಸ್ಸಾಗಿತ್ತು.

ಆದ್ದರಿಂದ ಮಾನ್ಯ ಅಧ್ಯಕ್ಷರಲ್ಲಿ ಮತ್ತು ಸದಸ್ಯರಲ್ಲಿ ನನ್ನ ವಿನಂತಿ. ಒಬ್ಬ ಶಿಕ್ಷಕಿ ತನ್ನ ರಜೆಯ ದಿನ ಏನು ಬೇಯಿಸಿದಳೆಂಬುದು ಯಾವ ನಿಯಮದ ಪ್ರಕಾರ ಅವಳ ನಡತೆಯ ವಿಷಯವಾಯಿತು, ಅವಳಿಂದ ಲಿಖಿತ ಹೇಳಿಕೆಯನ್ನೇ ಪಡೆಯದೆ ಆ ಠರಾವನ್ನು ಹೇಗೆ ಮಾಡಿದಿರಿ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಠರಾವನ್ನು ರದ್ದುಪಡಿಸಿ, ಕಳಂಕವಿಲ್ಲದ ಸೇವಾಪತ್ರವನ್ನು ಮಸಗುಪ್ಪಿಯ ಮನೆಗೆ ತಲುಪಿಸಿ, ಅವಳ ಹುದ್ದೆಯನ್ನು ಅವಳಿಗೆ ಮರಳಿ ಕೊಡಬೇಕು. ‘ನಡತೆ ತೃಪ್ತಿಕರವಲ್ಲ’ ಎಂಬ ಮಾತನ್ನು ಎಲ್ಲಾದರೂ ಬರೆಯಲೇಬೇಕೆಂದಿದ್ದರೆ ನನ್ನ ಸೇವಾಪುಸ್ತಕ ನಿಮ್ಮ ಕಪಾಟಿನಲ್ಲೇ ಇದೆ. ಹದಿನೈದು ದಿನ ಉತ್ತರಕ್ಕಾಗಿ ಕಾಯುತ್ತೇನೆ. ಹದಿನಾರನೆಯ ದಿನ ಕುಕ್ಕರನ್ನು ತೆಗೆದುಕೊಂಡು ಅದೇ ಪಡಸಾಲೆಗೆ ಬಂದು, ಅದೇ ಮೇಜಿನ ಮೇಲೆ ಇಟ್ಟು, ನೀವು ಅಂದು ಕೇಳದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹೇಳುತ್ತೇನೆ.