ರೇಡಿಯೋ ಅಕ್ಕ ಸಾಕಿದ ಕಾಡುಬೆಕ್ಕು

ಪ್ರಾಣಿಗಳ ಆಸ್ಪತ್ರೆಯಲ್ಲಿ ಗೂಡು ತೊಳೆದು, ತಬ್ಬಲಿ ಮರಿಗಳಿಗೆ ಹಾಲು ಕುಡಿಸುವ ಅವಳಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ ಅಕ್ಕ. ಕೈಯಲ್ಲಿದ್ದ ಪೊರಕೆಯನ್ನೂ ಮಾತಾಡಿಸದೆ ಬಿಟ್ಟವಳಲ್ಲ. ಅಂಥವಳ ಪಾಲಿಗೆ ಅಂಗೈಯಷ್ಟೇ ಇದ್ದ ಚುಕ್ಕೆ ಕಾಡುಬೆಕ್ಕಿನ ಮರಿಯೊಂದು ಬಂತು.

"ಈ ಜಾತಿ ಮರಿ ಬೇಗ ಮನುಷ್ಯರನ್ನ ಹಚ್ಚಿಕೊಂಡುಬಿಡುತ್ತೆ. ಆಮೇಲೆ ಕಾಡಿಗೆ ಬಿಡೋಕಾಗಲ್ಲ. ಇದರ ಮುಂದೆ ಮಾತಾಡಬೇಡಿ," ಎಂದರು ಡಾಕ್ಟರು.

ಅಲ್ಲೇ ಇದ್ದ ವ್ಯಾನ್ ಡ್ರೈವರ್, ಅವಳ ಗಂಡ, ನಕ್ಕುಬಿಟ್ಟ. "ಇವಳು ಬಾಯಿ ಮುಚ್ಚಿಕೊಂಡಿದ್ದರೆ ನಾನು ಮೀಸೆ ಬೋಳಿಸ್ಕೋತೀನಿ."

ಅವಳಿಗೆ ಅಷ್ಟು ಸಾಕಾಯಿತು. ಮರಿಗೆ ತನ್ನ ಮುಖ ಕಾಣದಂತೆ ಗೋಣಿಚೀಲ ಹೊದ್ದು ಹಾಲು ಕುಡಿಸಿದಳು, ಮಾತಾಡಲಿಲ್ಲ. ಬೆಳೆದ ಮರಿ ಗೂಡಿನೊಳಗಿನ ಕೊಂಬೆಯ ಮೇಲೆ ಹೊಟ್ಟೆಯೂರಿ ಕಾದು, ಕೆಳಗೆ ಓಡಿದ ಇಲಿಯ ಮೇಲೆ ಧುಮುಕಿದ ದಿನವೂ ಭೇಷ್ ಎನ್ನಲಿಲ್ಲ. ಒಮ್ಮೆ ಅದು ಗುರುಗುಟ್ಟುತ್ತಾ ಬಂದು ಅವಳ ಕಾಲಿಗೆ ಮೈ ಉಜ್ಜಿತು. ಹಲ್ಲು ಕಚ್ಚಿ ಬಕೆಟ್ಟನ್ನು ನೆಲಕ್ಕೆ ಬಡಿದು ಓಡಿಸಿದಳು. ಆಮೇಲೆ ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಆ ನಲ್ಲಿಗೇ ಹೇಳಿಕೊಂಡಳು.

ಬಿಡುಗಡೆಯ ಸಂಜೆ ಕಾಡಂಚಿನಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದವಳೂ ಅವಳೇ. ಬೆಕ್ಕು ಈಚೆ ಬಂದು, ಕಿವಿ ಹಿಂದಕ್ಕೆ ಒತ್ತಿ, ಅವಳತ್ತ ಹಲ್ಲು ತೋರಿಸಿ ಬುಸುಗುಟ್ಟಿ ಮರವೇರಿ ಮರೆಯಾಯಿತು.

"ಸಾಕಿದವಳಿಗೇ ಹೀಗಾ?" ಎಂದ ಗಂಡ.

"ಇದೊಂದನ್ನ ಕಲಿಸೋಕೇ ಅಲ್ವಾ ನಾನು ಇಷ್ಟು ದಿನ ತುಟಿ ಹೊಲಿದುಕೊಂಡಿದ್ದು?" ಸೆರಗಿನಿಂದ ಕಣ್ಣೊರೆಸಿಕೊಂಡು ವ್ಯಾನ್ ಹತ್ತಿದಳು. "ನಡೀರಿ ಮನೆಗೆ. ಬ್ಲೇಡು ನಾನೇ ತಂದಿಟ್ಟಿದೀನಿ."